ತಾಳಿಕೋಟೆಯ ಕಲ್ಲು ಹೇಳುವ ಇತಿಹಾಸ



ತಾಳಿಕೋಟೆ ಎಂದ ಕೂಡಲೇ ನಿಮಗೆ ನೆನಪಾಗುವುದು 1565ನೇ ಇಸವಿ. ಅಳಿಯ ರಾಮರಾಯ, ಒಂದಾಗಿ ಬಂದ ದಕ್ಖನ್ನಿನ ಸುಲ್ತಾನರು, ಜನವರಿ 23ರ ಕದನ, ಆಮೇಲೆ ಹಾಳಾದ ಹಂಪೆ. ಪರೀಕ್ಷೆಗೆ ಇಷ್ಟು ಸಾಕು. ಆ ಯುದ್ಧ ನಡೆದದ್ದು ತಾಳಿಕೋಟೆ ಊರಿನಲ್ಲಲ್ಲ, ಅಲ್ಲಿಂದ ದಕ್ಷಿಣಕ್ಕೆ ಕೃಷ್ಣಾ ನದಿಯ ಆಸುಪಾಸಿನಲ್ಲಿ ಎಂಬುದನ್ನೂ ನಿಮ್ಮಲ್ಲಿ ಕೆಲವರು ಓದಿರಬಹುದು. ಅದಕ್ಕೇ ಅದನ್ನು ರಕ್ಕಸಗಿ-ತಂಗಡಗಿ ಯುದ್ಧ ಎಂದೂ ಕರೆಯುವುದುಂಟು.

ಆದರೆ ತಾಳಿಕೋಟೆಗೆ ಇನ್ನೊಂದು ಇತಿಹಾಸವಿದೆ. ಅದು ಊರಿನ ಸುತ್ತಲಿನ ಕಲ್ಲಿನ ಖಣಿಗಳಲ್ಲಿ, ಹಳ್ಳದ ದಡಗಳಲ್ಲಿ, ಮನೆಯ ಅಂಗಳಕ್ಕೆ ಹಾಸಿದ ಪರಸಿಯಲ್ಲಿ ಬರೆದಿಟ್ಟಿದೆ. ಮೊದಲು ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಈ ಊರಿನ ಸುತ್ತಮುತ್ತ, ಒಂದು ದಿನದ ಪ್ರವಾಸದಲ್ಲಿ ಮುಗಿಸಬಹುದಾದಷ್ಟು ಜಾಗದಲ್ಲಿ, ಮೂರು ಬೇರೆ ಬೇರೆ ಕಾಲದ ಮೂರು ಬಗೆಯ ಕಲ್ಲು ನೋಡಲು ಸಿಗುತ್ತದೆ. ಭೂವಿಜ್ಞಾನದ ಪುಸ್ತಕದಲ್ಲಿ ಪರದೇಶದ ಚಿತ್ರ ತೋರಿಸಿ ಕಲಿಸುವ ಒಂದು ಮುಖ್ಯ ಪಾಠ ಇಲ್ಲಿ ಹೊಲದ ಬದುವಿನಾಚೆಗೇ ಇದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ನೀವು ಅದನ್ನು ದಿನವೂ ತುಳಿದು ಓಡಾಡುತ್ತೀರಿ. ಆ ಪಾಠ ಯಾವುದು, ಅದನ್ನು ಓದಿದವರು ಯಾರು, ಅದು ಅಳಿಸಿಹೋಗುವ ಮುಂಚೆ ನೀವು ಅದನ್ನು ಹೇಗೆ ಓದಬಹುದು ಎಂಬುದೇ ಈ ಲೇಖನದ ವಿಷಯ.

ಕಲ್ಲಿನ ಮೊದಲ ಓದುಗರು

ಈ ಸೀಮೆಯ ಕಲ್ಲನ್ನು ಮೊದಲು ಅರಿತವರು ವಿಜ್ಞಾನಿಗಳಲ್ಲ. ತಾಳಿಕೋಟೆಯ ಪೂರ್ವ ದಿಕ್ಕಿಗೆ, ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇಸಾಂಪುರ ಎಂಬ ಹಳ್ಳಿಯಿದೆ. ಅಲ್ಲಿ ನೀರಾವರಿ ಕಾಮಗಾರಿಗೆಂದು ಮಣ್ಣು ತೆಗೆದಿದ್ದ ಜಾಗದಲ್ಲಿ ಹಳೆಯ ಶಿಲಾಯುಗದ ಉಪಕರಣಗಳು ಕಾಣಿಸಿಕೊಂಡವು. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯ ಅವರು 1983ರಲ್ಲಿ ಈ ನೆಲೆಯನ್ನು ಗುರುತಿಸಿ, 1990ರ ದಶಕದ ಕೊನೆಯ ವರ್ಷಗಳಲ್ಲಿ ಉತ್ಖನನ ನಡೆಸಿದರು. ಸಿಕ್ಕಿದ್ದು ಒಂದು ಕಲ್ಲಿನ ಖಣಿ! ನೆಲದಿಂದ ತಾನಾಗಿ ಹಲಗೆ ಹಲಗೆಯಾಗಿ ಎದ್ದುಬರುವ ಸುಣ್ಣಕಲ್ಲನ್ನು ಆದಿಮಾನವರು ಆಯ್ದು, ಅದಕ್ಕಿಂತ ಗಟ್ಟಿಯಾದ ಕಲ್ಲಿನ ಗುಂಡುಗಳಿಂದ ಹೊಡೆದು, ಕೈಗೊಡಲಿಗಳನ್ನೂ ಸೀಳುಗತ್ತಿಗಳನ್ನೂ ಅಲ್ಲೇ ಕುಳಿತು ಮಾಡುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ವಿಜ್ಞಾನಿಗಳು ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾನವರು ಅವರು. ಯಾವ ಕಲ್ಲು ಹೇಗೆ ಒಡೆಯುತ್ತದೆ ಎಂಬ ತಿಳಿವಳಿಕೆಯೇ ಅವರ ಬದುಕಿಗೆ ಆಧಾರವಾಗಿತ್ತು.

ಅದೇ ತಿಳಿವಳಿಕೆ ಮುಂದೆಯೂ ಬಂತು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ದೊಡ್ಡ ದೊಡ್ಡ ಹಾಸುಗಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲು ಹೊದಿಸಿ ಕಟ್ಟಿದ ಬೃಹತ್ ಶಿಲಾ ಸಮಾಧಿಗಳಿವೆ. ತಾಳಿಕೋಟೆಯ ಕಡೆಯ ಹಳೆಯ ಮನೆಗಳನ್ನು ನೋಡಿ. ನೆಲಕ್ಕೆ ಪರಸಿ, ಕಟ್ಟೆಗೆ ಪರಸಿ, ಬಚ್ಚಲಿಗೆ ಪರಸಿ. ಸಿಡಿಮದ್ದು ಬೇಕಿಲ್ಲ, ಪದರಿನ ಸಂದಿಗೆ ಉಳಿ ಇಟ್ಟು, ಹಾರೆ ಹಾಕಿ ಮೀಟಿದರೆ ರೊಟ್ಟಿಯ ಅಡಕಿಲಿನಿಂದ ಒಂದು ರೊಟ್ಟಿ ಎತ್ತಿದಂತೆ ಕಲ್ಲು ಮೇಲೇಳುತ್ತದೆ. ಕಲ್ಲು ಒಡೆಯುವವರು ಬಡಿದು ಕೇಳಿದ ಸಪ್ಪಳದಿಂದಲೇ ಪದರ ಗಟ್ಟಿಯೋ ಬಿರುಕೋ ಎಂದು ಹೇಳಬಲ್ಲರು.

ಇದನ್ನೆಲ್ಲ ಕಾಗದಕ್ಕೆ ಇಳಿಸುವ ಕೆಲಸ ಹತ್ತೊಂಬತ್ತನೇ ಶತಮಾನದಲ್ಲಿ ಶುರುವಾಯಿತು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಕ್ಯಾಪ್ಟನ್ ನ್ಯೂಬೋಲ್ಡ್ 1840ರ ದಶಕದಲ್ಲಿ ದಕ್ಷಿಣ ಭಾರತದ ಭೂರಚನೆಯನ್ನು ಕುರಿತು ಸರಣಿ ಲೇಖನಗಳನ್ನು ಬರೆದ. ಅದೇ ಕಾಲಕ್ಕೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅಲ್ಲಿನ ಶಿಲಾ ಸಮಾಧಿಗಳನ್ನು ಅಗೆದು ನೋಡಿ ವರದಿ ಮಾಡಿದ. 1872ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಈ ಸುಣ್ಣಕಲ್ಲಿನ ಸಮೂಹಕ್ಕೆ ಭೀಮಾ ನದಿಯ ಹೆಸರು ಕೊಟ್ಟ. ಅದೇ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಈ ಭಾಗವನ್ನೆಲ್ಲ ಸುತ್ತಿ, 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂಲಕ್ಷಣಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ. ಭಾರತದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಮೊದಲು ಗುರುತಿಸಿದವನೂ ಈ ಫೂಟನೇ. ಅವನಿಗೆ ಕಲ್ಲಿನ ಇತಿಹಾಸ, ಮನುಷ್ಯನ ಇತಿಹಾಸ ಎಂಬ ಎರಡು ಖಾನೆಗಳಿರಲಿಲ್ಲ. ನಿಮ್ಮ ವೇಳಾಪಟ್ಟಿಯಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ಪಿರಿಯಡ್ಡುಗಳು!

ಮೂರು ಕಲ್ಲು, ಮೂರು ಕಾಲ

ಈಗ ಆ ಮೂರು ಕಲ್ಲುಗಳ ಪರಿಚಯ ಮಾಡಿಕೊಳ್ಳೋಣ. ಕೆಳಗಿನಿಂದ ಶುರುಮಾಡೋಣ, ಏಕೆಂದರೆ ಬುಡದಲ್ಲಿರುವುದೇ ಹಿರಿಯದು.

ಮೊದಲನೆಯದು ಗ್ರಾನೈಟ್ ಮತ್ತು ನೈಸ್. ಮುದ್ದೇಬಿಹಾಳದ ಕಡೆ ಬೂದು, ಗುಲಾಬಿ ಬಣ್ಣದ, ಹರಳು ಹರಳಾಗಿ ಹೊಳೆಯುವ ಕಲ್ಲು ಇದು. ಕೆಲವು ಕಡೆ ಕಪ್ಪು-ಬಿಳಿ ಪಟ್ಟೆಗಳು ಸೀರೆಯ ನೆರಿಗೆಯಂತೆ ಬಳುಕಿರುತ್ತವೆ. ನೆಲದ ಬಹು ಆಳದಲ್ಲಿ ಕಾದು, ಕರಗಿ, ಒತ್ತಡಕ್ಕೆ ಸಿಕ್ಕಿ ಹುಟ್ಟಿದ ಕಲ್ಲು. ದಕ್ಷಿಣ ಭಾರತದ ಅಡಿಪಾಯವೇ ಇದು. ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಭಾಗಗಳದ್ದು ಇನ್ನೂ ಹೆಚ್ಚು.

ಎರಡನೆಯದು ಭೀಮಾ ಸಮೂಹದ ಪದರಶಿಲೆಗಳು. ತಳದಲ್ಲಿ ಉರುಟು ಹರಳುಗಳು ಅಂಟಿಕೊಂಡಂಥ ಕಲ್ಲು ಮತ್ತು ಮರಳುಗಲ್ಲು, ಅದರ ಮೇಲೆ ಜೇಡುಶಿಲೆ, ಅದರ ಮೇಲೆ ನಮ್ಮ ಪರಸಿಯಾದ ಸುಣ್ಣಕಲ್ಲು. ಉರುಟು ಹರಳಿನ ಆ ತಳದ ಕಲ್ಲಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ‘ಮುದ್ದೇಬಿಹಾಳ ಕಾಂಗ್ಲೊಮರೇಟ್’. ನಿಮ್ಮ ತಾಲ್ಲೂಕಿನ ಹೆಸರು ದೇಶದ ಶಿಲಾಪಟ್ಟಿಯಲ್ಲಿ ಸೇರಿಹೋಗಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಇವೆಲ್ಲ ಸಮುದ್ರ ನಿಧಾನವಾಗಿ ನೆಲದ ಮೇಲೆ ಏರಿ ಬಂದಾಗ ಕೂತ ಪದರಗಳು. ದಡದ ಹತ್ತಿರ ಗುಂಡುಕಲ್ಲು, ಮರಳು. ನೀರು ಶಾಂತವಾದ ಕಡೆ ಜೇಡಿ. ಕೆಸರು ಕಡಿಮೆಯಾದಾಗ ಸುಣ್ಣ. ತಾಳಿಕೋಟೆಯಿಂದ ಪೂರ್ವಕ್ಕೆ ಶಹಾಬಾದ್, ವಾಡಿ, ಸೇಡಂ ಮೇಲೆ ಹಾದು ತೆಲಂಗಾಣದ ತಾಂಡೂರಿನವರೆಗೆ ಹರಡಿದ ಈ ಕಲ್ಲೇ ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಬಂಡವಾಳ.

ಒಂದು ಪ್ರಶ್ನೆ ಕೇಳಿಕೊಳ್ಳಿ. ಸಮುದ್ರದಲ್ಲಿ ಕೂತ ಸುಣ್ಣಕಲ್ಲು ಎಂದಮೇಲೆ ಅದರಲ್ಲಿ ಕಪ್ಪೆಚಿಪ್ಪು, ಶಂಖ, ಮೀನಿನ ಮುಳ್ಳು ಇರಬೇಡವೇ? ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಾರಣ ಸರಳ: ಆ ಸಮುದ್ರ ಇದ್ದಾಗ ಚಿಪ್ಪು, ಮುಳ್ಳು ಇರುವ ಪ್ರಾಣಿಗಳೇ ಇನ್ನೂ ಹುಟ್ಟಿರಲಿಲ್ಲ. ಭೀಮಾ ಸಮೂಹದ ಜೇಡುಪದರಗಳಲ್ಲಿ ಚುವಾರಿಯಾ ಎಂಬ, ಕಪ್ಪು ಚುಕ್ಕೆಯಂಥ ಅತಿ ಸರಳ ಜೀವಿಯ ಗುರುತುಗಳು ಮಾತ್ರ ಸಿಕ್ಕಿವೆ. ಹೀಗಾಗಿ ಈ ಕಲ್ಲು 54 ಕೋಟಿ ವರ್ಷಗಳಿಗಿಂತ ಹಳೆಯದು, ಅಂದರೆ ಪ್ರೋಟೆರೋಜೋಯಿಕ್ ಎಂಬ ಮಹಾಯುಗದ್ದು. ಏನು ಸಿಕ್ಕಿತು ಎಂಬುದಷ್ಟೇ ಸಾಕ್ಷಿಯಲ್ಲ. ಏನು ಸಿಗಲಿಲ್ಲ ಎಂಬುದೂ ಸಾಕ್ಷಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಕರಿಕಲ್ಲು, ಅಂದರೆ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರುಕು ಬಿಟ್ಟು ಹೊರಬಂದ ಲಾವಾ ಪದರ ಪದರವಾಗಿ ಹರಡಿ ಆದ ದಕ್ಖನ್ ಟ್ರಾಪ್ ಇದು. ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಟ್ರಾಪ್ ಎಂಬ ಹೆಸರು ಬಂತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿಕೊಂಡಿದೆ. ಸಹ್ಯಾದ್ರಿಯಲ್ಲಿ ಬೆಟ್ಟಗಳಾಗಿ ನಿಂತಿರುವ ಈ ಲಾವಾ ಪೂರ್ವಕ್ಕೆ ಬರುತ್ತ ತೆಳ್ಳಗಾಗುತ್ತದೆ. ಅದರ ದಕ್ಷಿಣದ ಅಂಚುಗಳಲ್ಲಿ ಒಂದು ಬಂದು ನಿಲ್ಲುವುದು ತಾಳಿಕೋಟೆಯ ಸುತ್ತಮುತ್ತ, ಸುಣ್ಣಕಲ್ಲಿನ ಮೇಲೆ. 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟ ನಿಂತಿರುವುದು ಈ ಕರಿಕಲ್ಲಿನ ಬಲದಿಂದಲೇ.

ಇಂಡಿಯಿಂದ ಮುದ್ದೇಬಿಹಾಳದವರೆಗೆ

ಭೂಪಟ ತೆಗೆದು ಉತ್ತರದಿಂದ ದಕ್ಷಿಣಕ್ಕೆ ಬೆರಳಾಡಿಸಿ. ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮಾ ನದಿ. ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ. ನಡುವೆ ಡೋಣಿ ಹೊಳೆ.

ಇಂಡಿಯಲ್ಲಿ ಬಂಡೆ ಎಲ್ಲಿದೆ ಎಂದು ಕೇಳಿದರೆ ಬಾವಿ ತೋರಿಸಬೇಕಾಗುತ್ತದೆ. ಬಯಲು ನಾಡು, ಎಲ್ಲಿ ನೋಡಿದರೂ ಎರೆ ಹೊಲ, ಜೋಳ, ಲಿಂಬೆ ತೋಟ. ಆದರೆ ಹಳೆಯ ತೆರೆದ ಬಾವಿಯ ಗೋಡೆ ಒಂದು ಸಿದ್ಧ ಪಾಠ. ಮೇಲೆ ಎರೆಮಣ್ಣು. ಅದರಲ್ಲಿ ಬಿಳಿಯ ಸುಣ್ಣದ ಹರಳುಗಳು. ಕೆಳಗೆ ಗರಸು, ಅಂದರೆ ಕೊಳೆತು ಮೆತ್ತಗಾದ ಕರಿಕಲ್ಲು. ಅದರ ನಡುವೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಬಿಚ್ಚಿಕೊಳ್ಳುವ ಗುಂಡುಗಳು. ಇನ್ನೂ ಕೆಳಗೆ ಗಟ್ಟಿ ಕಲ್ಲು. ಎರೆಮಣ್ಣು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಆ ಗೋಡೆಯಲ್ಲೇ ಇದೆ: ಕರಿಕಲ್ಲು ಕರಗಿ ಗರಸಾಗಿ, ಗರಸು ಕರಗಿ ಮಣ್ಣಾಗಿದೆ.

ಸಿಂದಗಿಯ ಕಡೆಗೂ ಇದೇ ಕಲ್ಲು. ಟ್ರಾಪ್ ಸೀಮೆಯ ಆಳದ ಬಾವಿಗಳಲ್ಲಿ, ಕಾಲುವೆಗೆ ನೆಲ ಕಡಿದ ಜಾಗಗಳಲ್ಲಿ ಎರಡು ಕರಿಕಲ್ಲಿನ ಪದರಗಳ ನಡುವೆ ಒಮ್ಮೊಮ್ಮೆ ಇಟ್ಟಿಗೆ ಬಣ್ಣದ ತೆಳುವಾದ ಪಟ್ಟಿ ಕಾಣಿಸುತ್ತದೆ. ಅದನ್ನು ರೆಡ್ ಬೋಲ್ ಎನ್ನುತ್ತಾರೆ. ಒಂದು ಲಾವಾ ಹರಿದು ಆರಿದ ಮೇಲೆ ಮುಂದಿನದು ಬರುವಷ್ಟರಲ್ಲಿ ಬಿಡುವು ಸಿಕ್ಕಿತು. ಆ ಬಿಡುವಿನಲ್ಲಿ ಮೇಲ್ಮೈ ಬಿಸಿಲು ಮಳೆಗೆ ಕೊಳೆಯಿತು, ಬೂದಿ, ಧೂಳು ಕೂತಿತು. ಆಮೇಲೆ ಬಂದ ಲಾವಾ ಅದನ್ನು ಸುಟ್ಟು ಕೆಂಪಾಗಿಸಿತು. ಅಂದರೆ ಆ ಕೆಂಪು ಪಟ್ಟಿ ಒಂದು ವಿರಾಮ ಚಿಹ್ನೆ. ಕಲ್ಲಿನ ಬರಹದಲ್ಲಿ ಅಲ್ಪವಿರಾಮ.

ಬಸವನ ಬಾಗೇವಾಡಿಯನ್ನು ನೀವು ಬಸವಣ್ಣನವರ ಜನ್ಮಸ್ಥಳವೆಂದು ಬಲ್ಲಿರಿ. ಹಳೆಯ ಬಾಗೇವಾಡಿ ತಾಲ್ಲೂಕು ಕೃಷ್ಣೆಯ ಆಲಮಟ್ಟಿಯವರೆಗೂ ಚಾಚಿತ್ತು. ಇಲ್ಲಿ ಹರಿಯುವ ಡೋಣಿಯ ಎರಡೂ ಬದಿಯ ಎರೆ ನೆಲದ ಜೋಳ ನಾಡಿಗೇ ಹೆಸರಾದದ್ದು. ಡೋಣಿಯ ನೀರು ಮಾತ್ರ ಸವಳು. ಈ ಹೊಳೆ ಕರಿಕಲ್ಲಿನ ನಾಡಿನಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ತಾಳಿಕೋಟೆಯ ಬಳಿ ಸುಣ್ಣಕಲ್ಲಿನ ಸೀಮೆ ಸೇರುತ್ತದೆ. ಅಲ್ಲಿಂದ ಮುದ್ದೇಬಿಹಾಳದ ಕಡೆ ಇಳಿದರೆ ಸುಣ್ಣಕಲ್ಲೂ ಮುಗಿದು ಗ್ರಾನೈಟ್, ನೈಸ್ ಮೇಲೆ ಬರುತ್ತವೆ. ಎರೆ ಹೋಗಿ ಮಸಾರಿ ನೆಲ ಕಾಣುತ್ತದೆ. ನೀವು ಬಸ್ಸಿನಲ್ಲಿ ಕುಳಿತು ದಕ್ಷಿಣಕ್ಕೆ ಹೋದಿರಿ. ಭೂಮಿಯ ಲೆಕ್ಕದಲ್ಲಿ ಮೇಲಿನ ಮಹಡಿಯಿಂದ ನೆಲಮಾಳಿಗೆಗೆ ಇಳಿದಿರಿ.

ಹರಿದುಹೋದ ಪುಟಗಳು

ಈಗ ಮುಖ್ಯ ಪಾಠಕ್ಕೆ ಬರೋಣ. ಸಿಂದಗಿಯ ಕೆಂಪು ಪಟ್ಟಿ ಅಲ್ಪವಿರಾಮವಾದರೆ, ತಾಳಿಕೋಟೆಯಲ್ಲಿ ಸುಣ್ಣಕಲ್ಲು ಮುಗಿದು ಕರಿಕಲ್ಲು ಶುರುವಾಗುವ ಗೆರೆ ಏನು?

ಲೆಕ್ಕ ಹಾಕಿ. ಕೆಳಗಿನ ಕಲ್ಲು 54 ಕೋಟಿ ವರ್ಷಕ್ಕಿಂತ ಹಳೆಯದು. ಮೇಲಿನದು 6.6 ಕೋಟಿ ವರ್ಷದ್ದು. ನಡುವೆ ಕಡಿಮೆಯೆಂದರೂ 47 ಕೋಟಿ ವರ್ಷ! ಆ ಗೆರೆಯ ಕೆಳಗೆ ಹೆಬ್ಬೆರಳು, ಮೇಲೆ ತೋರುಬೆರಳು ಇಟ್ಟರೆ ಅಷ್ಟು ಕಾಲ ನಿಮ್ಮ ಎರಡು ಬೆರಳುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಇನ್ನೂ ಕೆಳಗೆ, ನೈಸ್ ಮುಗಿದು ಭೀಮಾ ಪದರಗಳು ಶುರುವಾಗುವಲ್ಲಿ ಅದಕ್ಕಿಂತ ಹಿರಿದಾದ ಮತ್ತೊಂದು ತೆರಪಿದೆ. ಹೀಗೆ ಕಾಲದ ದಾಖಲೆ ತುಂಡಾಗಿ ಎರಡು ಕಲ್ಲುಗಳು ಸೇರುವ ಗೆರೆಗೆ ಕನ್ನಡದಲ್ಲಿ ‘ಅಸಂಗತಿ’ ಎನ್ನಬಹುದು. ಇಂಗ್ಲಿಷ್ ಪಠ್ಯದಲ್ಲಿ ನೀವು ಓದುವ ಅನ್‌ಕನ್‌ಫಾರ್ಮಿಟಿ ಇದೇ.

1788ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಎಂಬಾತ ಗೆಳೆಯರೊಂದಿಗೆ ದೋಣಿಯಲ್ಲಿ ಹೋಗಿ ಸಿಕ್ಕರ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ಇಂಥದೇ ಒಂದು ಗೆರೆ ನೋಡಿದ. ಕೆಳಗೆ ನೆಟ್ಟಗೆ ನಿಂತ ಪದರಗಳು, ಅವುಗಳ ತಲೆ ಸವರಿದಂತೆ ಮೇಲೆ ಬೇರೆಯೇ ಕಲ್ಲಿನ ಓರೆ ಪದರಗಳು. ಮೊದಲ ಪದರ ಕೂತು, ಗಟ್ಟಿಯಾಗಿ, ಬಾಗಿ, ಮೇಲೆದ್ದು, ಸವೆದು, ಮತ್ತೆ ಅದರ ಮೇಲೆ ಹೊಸ ಪದರ ಕೂರಬೇಕಾದರೆ ಎಷ್ಟು ಕಾಲ ಬೇಕು? ಭೂಮಿಗೆ ಆರು ಸಾವಿರ ವರ್ಷವೆಂದು ಯೂರೋಪಿನ ಬಹುಜನ ನಂಬಿದ್ದ ಕಾಲ ಅದು. ಆ ಗೆರೆ ನೋಡಿದ ಮೇಲೆ ಆ ಲೆಕ್ಕ ಸಾಲದಾಯಿತು. ಭೂಮಿಯ ವಯಸ್ಸು ಅಪಾರವೆಂದು ಹಟನ್ ಜಗತ್ತಿಗೆ ತೋರಿಸಿದ್ದು ಇಂಥ ಗೆರೆಗಳನ್ನು ತೋರಿಸಿಯೇ.

ಹಾಗಾದರೆ ನಮ್ಮ 47 ಕೋಟಿ ವರ್ಷಗಳಲ್ಲಿ ಏನೇನಾಯಿತು? ಮೀನುಗಳು ಹುಟ್ಟಿದವು. ಸಸ್ಯಗಳು ನೆಲಕ್ಕೆ ಬಂದವು. ದೊಡ್ಡ ಕಾಡುಗಳು ಬೆಳೆದು, ಜೌಗಿನಲ್ಲಿ ಹೂತು, ಕಲ್ಲಿದ್ದಲಾದವು. ಡೈನೋಸಾರುಗಳು ಬಂದವು, ಗೊಂಡ್ವಾನ ಎಂಬ ಮಹಾಖಂಡ ಒಡೆದು ಭಾರತ ಉತ್ತರಕ್ಕೆ ಹೊರಟಿತು. ಇಷ್ಟರಲ್ಲಿ ಒಂದಕ್ಕೂ ತಾಳಿಕೋಟೆಯ ಕಲ್ಲಿನಲ್ಲಿ ದಾಖಲೆಯಿಲ್ಲ. ಈ ನೆಲ ಆಗ ನೀರಿನ ಮೇಲೆ ತಲೆಯೆತ್ತಿ ನಿಂತಿದ್ದರೆ ಪದರ ಕೂತೇ ಇರಲಿಕ್ಕಿಲ್ಲ. ಎಲ್ಲಾದರೂ ಕೂತಿದ್ದರೂ ಸವೆದುಹೋಗಿರಬೇಕು. ಎರಡರಲ್ಲಿ ಯಾವುದಾದರೂ ಪುಟಗಳು ಇಲ್ಲ ಎಂಬುದು ಮಾತ್ರ ನಿಜ.

ಇಲ್ಲದ ಪುಟಗಳಿಂದ ನಮಗೇನು ಎಂದು ನೀವು ಕೇಳಬಹುದು. ಬಸವನ ಬಾಗೇವಾಡಿಯ ಹತ್ತಿರ ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದಕ್ಕೆ ಬೇಕಾದ ಕಲ್ಲಿದ್ದಲು ರೈಲಿನಲ್ಲಿ ಹೊರರಾಜ್ಯಗಳಿಂದ ಬರಬೇಕು. ನಮ್ಮಲ್ಲೇ ಏಕೆ ಸಿಗುವುದಿಲ್ಲ? ತೆಲಂಗಾಣದ ಸಿಂಗರೇಣಿ, ಜಾರ್ಖಂಡದ ಝರಿಯಾ ಗಣಿಗಳ ಕಲ್ಲಿದ್ದಲು ಹುಟ್ಟಿದ್ದು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ. ನಮ್ಮ ಪುಸ್ತಕದಲ್ಲಿ ಇಲ್ಲದಿರುವುದು ಅದೇ ಪುಟಗಳು. ತಾಳಿಕೋಟೆಯ ಆ ಗೆರೆಯ ಅರ್ಥ ತಿಳಿದವನಿಗೆ ಕಲ್ಲಿದ್ದಲಿನ ಗಾಡಿಗಳು ಏಕೆ ಬರುತ್ತವೆ ಎಂಬುದೂ ತಿಳಿಯುತ್ತದೆ.

ನೀರಿನ ಮಾತೂ ಅಷ್ಟೇ. ಬರಗಾಲದ ಜಿಲ್ಲೆಯಲ್ಲಿ ಸಾಲ ಮಾಡಿ ಕೊರೆಸಿದ ಬೋರು ಒಣಗಿದರೆ ಒಂದು ಮನೆತನದ ಲೆಕ್ಕವೇ ತಲೆಕೆಳಗಾಗುತ್ತದೆ. ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಗರಸಿನಲ್ಲಿ, ಬಿರುಕುಗಳಲ್ಲಿ, ಗುಳ್ಳೆಗುಳ್ಳೆಯಾದ ಲಾವಾ ಪದರದಲ್ಲಿ. ಜೇಡಿಯಂಥ ಕೆಂಪು ಪಟ್ಟಿ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಸುಣ್ಣಕಲ್ಲಿನಲ್ಲಿ ನೀರು ಪದರಗಳ ಸಂದಿಯಲ್ಲಿ, ಕರಗಿ ಅಗಲವಾದ ಬಿರುಕುಗಳಲ್ಲಿ ಓಡಾಡುತ್ತದೆ. ನೈಸ್‌ನಲ್ಲಿ ಮೇಲಿನ ಕೊಳೆತ ಭಾಗ, ಕೆಳಗಿನ ಸೀಳುಗಳೇ ಗತಿ. ಕಾಲ ಕೆಳಗೆ ಮೂರರಲ್ಲಿ ಯಾವ ಕಲ್ಲಿದೆ, ಎಷ್ಟು ಆಳಕ್ಕೆ ಕಲ್ಲು ಬದಲಾಗುತ್ತದೆ ಎಂಬುದು ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ.

ನಿಮ್ಮ ಕೈಯಲ್ಲೇ ಇರುವ ಪ್ರಯೋಗಾಲಯ

ದೂರದರ್ಶನದಲ್ಲಿ ಕೆಲಸ ಮಾಡುವ ನಾನು ಒಂದು ಮಾತು ಹೇಳಬೇಕು. ಕ್ಯಾಮೆರಾ ಕಲ್ಲಿನ ಬಣ್ಣ ತೋರಿಸಬಲ್ಲದು. ಅದರ ತೂಕ, ತಣ್ಣನೆಯ ಸ್ಪರ್ಶ, ಒಡೆದಾಗಿನ ಸಪ್ಪಳ ತೋರಿಸಲಾರದು. ಕಾರ್ಯಕ್ರಮ ನೋಡಿ ಸುಮ್ಮನಾಗಬೇಡಿ. ಕೆಳಗಿನ ನಾಲ್ಕು ಕೆಲಸಗಳಿಗೆ ಖರ್ಚೇ ಇಲ್ಲ.

ಒಂದು, ಲಿಂಬೆ ಪರೀಕ್ಷೆ. ಇಂಡಿಯ ಲಿಂಬೆಹಣ್ಣು, ತಾಳಿಕೋಟೆಯ ಪರಸಿ ಚೂರು ತೆಗೆದುಕೊಳ್ಳಿ. ಕಲ್ಲಿನ ಮೇಲೆ ಮೊಳೆಯಿಂದ ಗೀಚಿ ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ಲಿಂಬೆರಸ ಹಿಂಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣದಲ್ಲಿರುವ ಕಾರ್ಬೊನೇಟು ಹುಳಿಯ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವ ಗುರುತು ಅದು. ಅದೇ ಪರೀಕ್ಷೆಯನ್ನು ಕರಿಕಲ್ಲಿನ ಮೇಲೂ ನೈಸ್ ಮೇಲೂ ಮಾಡಿ, ಗುಳ್ಳೆ ಏಳುವುದಿಲ್ಲ. ಕರಿಕಲ್ಲಿನ ತೂತುಗಳಲ್ಲಿ ತುಂಬಿದ ಬಿಳಿ ಹರಳಿನ ಮೇಲೆ ಹಿಂಡಿದಾಗ ಗುಳ್ಳೆ ಬಂದರೆ, ಏಕೆಂದು ಯೋಚಿಸಿ ಬರೆಯಿರಿ.

ಎರಡು, ಊರಿನ ಗೋಡೆಗಳ ನಕ್ಷೆ. ನಿಮ್ಮ ಊರಿನ ಹಳೆಯ ಮನೆ, ಗುಡಿ, ಮಸೀದಿ, ಕೋಟೆಗೋಡೆ, ಬಾವಿಯ ಕಟ್ಟೆ ಯಾವ ಕಲ್ಲಿನವು ಎಂದು ಪಟ್ಟಿ ಮಾಡಿ. ಹಳೆಯ ಕಾಲದಲ್ಲಿ ಜನ ಸಾಮಾನ್ಯವಾಗಿ ಹತ್ತಿರ ಸಿಕ್ಕ ಕಲ್ಲಿನಿಂದಲೇ ಕಟ್ಟಿದರು. ನಾಲ್ಕೂ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಪಟ್ಟಿಗಳನ್ನು ಕೂಡಿಸಿದರೆ ಒಂದು ಶಿಲಾನಕ್ಷೆಯೇ ಸಿದ್ಧವಾಗುತ್ತದೆ.

ಮೂರು, ಕಾಲದ ನಡಿಗೆ. ಒಂದು ಮಿಲಿಮೀಟರಿಗೆ ಸಾವಿರ ವರ್ಷ ಎಂದಿಟ್ಟುಕೊಳ್ಳಿ. ಶಾಲೆಯ ಬಾಗಿಲಿನಿಂದ ಹಿಂದಕ್ಕೆ ಅಳೆಯಿರಿ. 1565ರ ಯುದ್ಧ ಅರ್ಧ ಮಿಲಿಮೀಟರೂ ಆಗುವುದಿಲ್ಲ. ಇಸಾಂಪುರದ ಖಣಿ 1.2 ಮೀಟರ್ ದೂರದಲ್ಲಿ. ಕರಿಕಲ್ಲು ಹರಿದದ್ದು 66 ಮೀಟರ್ ಆಚೆ. ಸುಣ್ಣಕಲ್ಲಿಗೆ 540 ಮೀಟರಿಗಿಂತ ಮುಂದೆ ನಡೆಯಬೇಕು. ನೈಸ್ ಮುಟ್ಟಲು ಎರಡೂವರೆ ಕಿಲೋಮೀಟರ್! 66ರಿಂದ 540ರವರೆಗಿನ ಹಾದಿಯಲ್ಲಿ ಮಾತಾಡದೆ ನಡೆಯಿರಿ. ಅದೇ ತಾಳಿಕೋಟೆಯ ಗೆರೆ.

ನಾಲ್ಕು, ಬಾವಿಯ ಚಿತ್ರ. ನಿಮ್ಮ ಊರಿನ ತೆರೆದ ಬಾವಿಯೊಂದರ ಗೋಡೆಯನ್ನು ಅಳತೆಯೊಂದಿಗೆ ಬರೆದಿಡಿ: ಮಣ್ಣು ಎಷ್ಟು ಅಡಿ, ಗರಸು ಎಷ್ಟು, ಕಲ್ಲು ಎಷ್ಟು, ನೀರು ಎಲ್ಲಿ. ಬಾವಿ ತೋಡಿದ ಹಿರಿಯರು ಇದ್ದರೆ ಅವರನ್ನು ಕೇಳಿ ಬರೆಯಿರಿ. ಅವರ ನೆನಪು ಸರ್ಕಾರಿ ಕಾಗದದಲ್ಲಿಲ್ಲದ ದಾಖಲೆ.

ಒಂದು ಎಚ್ಚರಿಕೆ. ಹಳೆಯ ಖಣಿಗಳಲ್ಲಿ ನೀರು ಆಳವಾಗಿ ನಿಂತಿರುತ್ತದೆ, ಅಂಚು ಸಡಿಲವಾಗಿರುತ್ತದೆ. ಶಿಕ್ಷಕರಿಲ್ಲದೆ ಹೋಗಬೇಡಿ, ಹೊಲದ ಒಡೆಯರ ಅಪ್ಪಣೆ ಕೇಳಿ. ಚೂರುಗಳನ್ನು ಕೆಳಗೆ ಬಿದ್ದ ಕಲ್ಲಿನಿಂದ ಆಯ್ದುಕೊಳ್ಳಿ. ಎರಡು ಕಲ್ಲು ಕೂಡುವ ಗೆರೆಗೆ ಸುತ್ತಿಗೆ ಹಾಕಬೇಡಿ.

ಉಳಿಸಿಕೊಳ್ಳಬೇಕಾದದ್ದು

ಈ ಪುಸ್ತಕ ಎಂದಿಗೂ ತೆರೆದೇ ಇರುತ್ತದೆ ಎಂದು ತಿಳಿಯಬೇಡಿ. ಬಂಡೆ ಶಾಶ್ವತ, ಆದರೆ ಬಂಡೆಯ ಮುಖ ಕಾಣುವ ಜಾಗ ಶಾಶ್ವತವಲ್ಲ. ಬೋರುಗಳು ಬಂದ ಮೇಲೆ ತೆರೆದ ಬಾವಿ ತೋಡುವವರು ಕಡಿಮೆಯಾದರು. ಹಳೆಯ ಬಾವಿಗಳು ಹೂಳು, ಕಸ ತುಂಬಿ ಮುಚ್ಚುತ್ತಿವೆ. ಬೋರು ನೂರಾರು ಅಡಿ ಇಳಿಯುತ್ತದೆ, ಆದರೆ ಕಣ್ಣಿಗೆ ಕಾಣುವುದು ಹೊರಬಿದ್ದ ಪುಡಿ ಮಾತ್ರ. ಮನೆಗಳಿಗೆ ಟೈಲ್ಸ್ ಬಂದಂತೆ ಪರಸಿಯ ಬೇಡಿಕೆ ಇಳಿದಿದೆ. ಕೆಲಸ ನಿಂತ ಖಣಿಗೆ ಊರಿನ ಕಸ ಸುರಿಯುವುದು ಸುಲಭ. ಕಾಲುವೆಗೆ ಕಡಿದ ಹೊಸ ಮುಖಗಳೂ ಸಿಮೆಂಟ್ ಹೊದಿಸಿದ ಮೇಲೆ ಮರೆಯಾಗುತ್ತವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ನಮ್ಮ ರಾಜ್ಯದ ಕೆಲವು ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಅಂಥವು. ಅಸಂಗತಿಯ ಗೆರೆಗೂ ಈ ಮಾನ್ಯತೆ ಸಿಕ್ಕಿದ ಉದಾಹರಣೆಯಿದೆ: ತಿರುಮಲೆಯ ಘಾಟಿ ರಸ್ತೆಯಲ್ಲಿ ಕಾಣುವ ಗೆರೆ ಅಂಥದೊಂದು ಸ್ಮಾರಕ. ಭೂಪರಂಪರೆಯ ತಾಣಗಳನ್ನು ಕಾಪಾಡಲು ಕಾನೂನಿನ ಕರಡೊಂದನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಆದರೆ ಎಲ್ಲ ಗೆರೆಗಳಿಗೂ ಫಲಕ ಬರುವವರೆಗೆ ಕಾಯಬೇಕಿಲ್ಲ. ಒಂದು ಖಣಿಯ ಒಂದು ಗೋಡೆಗೆ ಕಸ ಬೀಳದಂತೆ ನೋಡಿಕೊಳ್ಳಲು ಒಂದು ಗ್ರಾಮ ಪಂಚಾಯಿತಿ, ಒಂದು ಶಾಲೆ, ಒಬ್ಬ ಹೊಲದ ಒಡೆಯ ಒಪ್ಪಿದರೆ ಸಾಕು. ವರ್ಷಕ್ಕೊಮ್ಮೆ ಒಂದು ತರಗತಿ ಅಲ್ಲಿಗೆ ಹೋಗಿ ಬಂದರೆ ಆ ಗೋಡೆ ತಾನಾಗಿ ಉಳಿಯುತ್ತದೆ. ಜನ ಬಳಸುವ ಜಾಗಕ್ಕೆ ಯಾರೂ ಕಸ ಸುರಿಯುವುದಿಲ್ಲ.

ಹಟನ್ ತನ್ನ ಗೆರೆಯನ್ನು ನೋಡಲು ದೋಣಿ ಹತ್ತಬೇಕಾಯಿತು. ನಿಮಗೆ ತಾಳಿಕೋಟೆಯ ಬಸ್ಸು ಸಾಕು. ಮುಂದಿನ ಸಲ ಇತಿಹಾಸದ ತರಗತಿಯಲ್ಲಿ ತಾಳಿಕೋಟೆಯ ಹೆಸರು ಬಂದಾಗ ಒಂದು ಕೈ ಎತ್ತಿ ಶಿಕ್ಷಕರನ್ನು ಕೇಳಿ: “ಸರ್, ಆ ಊರಿನ ಕಲ್ಲು ನೋಡಲು ಯಾವಾಗ ಹೋಗೋಣ?”